ತೆರಿಗೆ ಜಾಸ್ತಿ ಅಂತ ದೇಶ ಬಿಡುವ ಕಲಾವಿದರು: ನಮ್ಮ ಊಟದ ಮನೆಯಲ್ಲಿ ಎದ್ದ ಮಾತು

ಡೊಂಬಿವಲಿ ದೊಡ್ಡಮ್ಮ · ಶನಿವಾರ, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮಾತಾಡಿ ಮಾತಾಡಿ ಗಂಟಲು ಒಣಗಿತು. ಅದಕ್ಕೆ ಇಲ್ಲಿ ನಾಲ್ಕು ಜನರ ಮುಂದೆ ಇಡುತ್ತಿದ್ದೇನೆ.

ನನ್ನ ತಂಗಿಯ ಮಗ ಅಂಧೇರಿಯಲ್ಲಿದ್ದಾನೆ. ಜಾಹೀರಾತಿಗೆ, ವೆಬ್ ಸೀರೀಸ್‌ಗೆ ಮ್ಯೂಸಿಕ್ ಮಾಡುತ್ತಾನೆ. ಹನ್ನೆರಡು ವರ್ಷದ ಹಿಂದೆ ಕುಂದಾಪುರದಿಂದ ಒಂದು ಕೀಬೋರ್ಡ್ ಹೊತ್ತುಕೊಂಡು ಬಂದವನು ನಮ್ಮ ಮನೆಯ ಹಾಲ್‌ನಲ್ಲೇ ಮಲಗುತ್ತಿದ್ದ. ಕೀಬೋರ್ಡಿಗೆ ಹಳೆಯ ಬೆಡ್‌ಶೀಟ್ ಸುತ್ತಿ, ಬೆಳಿಗ್ಗೆ ಫಾಸ್ಟ್ ಲೋಕಲ್ ಹತ್ತಿ, ದಾದರಿನಲ್ಲಿ ಇಳಿದು, ವೆಸ್ಟರ್ನ್ ಲೈನಿಗೆ ಬದಲಾಯಿಸಿಕೊಂಡು ಹೋಗುತ್ತಿದ್ದ. ಆ ರಶ್ಶಿನಲ್ಲಿ ಕೆಲವರು ಬೈಯುತ್ತಿದ್ದರು. ಸೀಟು ಸಿಕ್ಕಿದ ಕೆಲವರು ಕೈ ಚಾಚಿ ಅದನ್ನು ತಮ್ಮ ತೊಡೆ ಮೇಲೆ ಇಟ್ಟುಕೊಳ್ಳುತ್ತಿದ್ದರು. "ದೊಡ್ಡಮ್ಮ, ಠಾಣೆಯಿಂದ ದಾದರ್ ತನಕ ಯಾರೋ ಗುರುತಿಲ್ಲದವರ ತೊಡೆ ಮೇಲೆ ನನ್ನ ಹೊಟ್ಟೆಪಾಡು ಕೂತಿರುತ್ತದೆ" ಅಂತ ಅವನೇ ಹೇಳುತ್ತಿದ್ದ.

ಹುಡುಗ ಕಷ್ಟಪಟ್ಟ, ಮೇಲೆ ಬಂದ. ಹೋದ ವರ್ಷ ಆದಾಯ ಒಂದು ಕೋಟಿ ದಾಟಿ ಒಂದೂವರೆ ಕೋಟಿಯ ಆಚೆ ಹೋಯಿತು. ನನಗೆ ಅದರ ಖುಷಿ ಎಷ್ಟು ಅಂತ ಹೇಳಲು ಮಾತಿಲ್ಲ. ಆದರೆ ಇವತ್ತು ಊಟಕ್ಕೆ ಬಂದವನು ದುಬೈಗೆ ಮನೆ ಬದಲಾಯಿಸುತ್ತೇನೆ ಅಂದ. ಕೆಲಸ ಇಲ್ಲಿನದೇ, ಗಿರಾಕಿಗಳು ಇಲ್ಲಿನವರೇ. ಕಾರಣ ಒಂದೇ, ತೆರಿಗೆ. ಇಲ್ಲಿ 39 ಪರ್ಸೆಂಟ್, ಅಲ್ಲಿ ಸೊನ್ನೆ ಅಂದ. "ಪ್ರಪಂಚದ ದೊಡ್ಡ ದೊಡ್ಡ ಕಲಾವಿದರೆಲ್ಲ ಇದನ್ನೇ ಮಾಡಿದ್ದಾರೆ. ರೋಡಲ್ಲಿ ಹೊಂಡ, ಲೋಕಲ್ ಬಾಗಿಲಲ್ಲಿ ಜನ ನೇತಾಡುತ್ತಾರೆ. ನಾನು ಕಟ್ಟಿದ ದುಡ್ಡು ಎಲ್ಲಿ ಹೋಯಿತು, ನೀವೇ ಹೇಳಿ" ಅಂತ ಕೇಳಿದ. ಸಾರಿನ ಸೌಟು ಕೈಯಲ್ಲೇ ಇತ್ತು. ನನಗೆ ಉತ್ತರ ಬರಲಿಲ್ಲ.

ನಾನು ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದವಳು. ಸಂಬಳದ ತೆರಿಗೆ ಗೊತ್ತು, ಇದು ಗೊತ್ತಿಲ್ಲ. ಹೀಗೆ ಹೋದರೆ ಕಾನೂನು ಏನು ಹೇಳುತ್ತದೆ? ಹಿಂದೆ ಹೋದ ಕಲಾವಿದರ ಕತೆ ಏನಾಯಿತು? ಮತ್ತೆ, ಇದು ಸರಿಯಾ?

ಠಾಣೆ ಶೆಟ್ರು · ಶನಿವಾರ, ರಾತ್ರಿ 10.15

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ನಾನು ನಿಮ್ಮ ಹುಡುಗನ ಕಡೆ.

ನಾನು ಹೋಟೆಲಿನವನು. ಗಿರಾಕಿಯಿಂದ 5 ಪರ್ಸೆಂಟ್ ಜಿಎಸ್‌ಟಿ ತಗೊಂಡು ಕಟ್ಟುತ್ತೇನೆ. ಆದರೆ ನಾನು ಬಾಡಿಗೆಗೆ, ಮಿಕ್ಸರ್‌ಗೆ, ಫ್ರಿಜ್ಜಿಗೆ ಕಟ್ಟಿದ ಜಿಎಸ್‌ಟಿ ನನಗೆ ವಾಪಸ್ ಸಿಗುವುದಿಲ್ಲ. ಅದರ ಮೇಲೆ ಇನ್‌ಕಮ್ ಟ್ಯಾಕ್ಸ್, ನೂರೆಂಟು ಲೈಸೆನ್ಸು. ಮಳೆಗಾಲದಲ್ಲಿ ಅಂಗಡಿ ಮುಂದಿನ ಗಟಾರ ತುಂಬಿದರೆ ನಾನೇ ಆಳು ಇಟ್ಟು ತೆಗೆಸಬೇಕು. ಮಕ್ಕಳ ಶಾಲೆ ಖಾಸಗಿ, ಆಸ್ಪತ್ರೆ ಖಾಸಗಿ, ನೀರಿನ ಟ್ಯಾಂಕರ್ ಕೂಡ ಖಾಸಗಿ.

ನನ್ನ ಕಾವಲಿಯನ್ನು ದುಬೈಗೆ ಹೊತ್ತುಕೊಂಡು ಹೋದರೆ ಠಾಣೆ ಗಿರಾಕಿ ಅಲ್ಲಿಗೆ ದೋಸೆ ತಿನ್ನಲು ಬರುವುದಿಲ್ಲ. ಅದಕ್ಕೆ ಇಲ್ಲಿದ್ದೇನೆ. ನಿಮ್ಮ ಹುಡುಗನ ಕೆಲಸ ಲ್ಯಾಪ್‌ಟಾಪಿನಲ್ಲಿ ಹೋಗುತ್ತದೆ. ಕಾನೂನು ಬಿಟ್ಟರೆ ಹೋಗಲಿ. ಕದ್ದು ಮುಚ್ಚಿ ಮಾಡುತ್ತಿಲ್ಲವಲ್ಲ. ನಾವೆಲ್ಲ ಊರು ಬಿಟ್ಟು ಮುಂಬಯಿಗೆ ಬಂದಿದ್ದೂ ನಾಲ್ಕು ಕಾಸಿಗೇ ಅಲ್ವಾ?

ಪಿಂಪ್ರಿ ಎರಡನೇ ಪಾಳಿ · ಶನಿವಾರ, ರಾತ್ರಿ 11.40

ಈಗಷ್ಟೇ ಪಾಳಿ ಮುಗಿಸಿ ಬಂದೆ. ಒಂದೇ ಮಾತು. ನನ್ನ ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಕಡಿತ ಆಗಿರುತ್ತದೆ. ಮಹಾರಾಷ್ಟ್ರದ ಪ್ರೊಫೆಷನಲ್ ಟ್ಯಾಕ್ಸ್ ಕೂಡ ತಿಂಗಳಿಗೆ 200, ಫೆಬ್ರುವರಿಯಲ್ಲಿ 300, ತಪ್ಪದೆ ಹೋಗುತ್ತದೆ. ಹೋಗಲೋ ಇರಲೋ ಅಂತ ಯೋಚನೆ ಮಾಡುವ ಅವಕಾಶವೇ ನನಗೆ ಇಲ್ಲ. ದೊಡ್ಡ ಗಳಿಕೆಯವರು ಹೋದರೆ ಅವರ ಪಾಲು ಯಾರ ತಲೆ ಮೇಲೆ ಬೀಳುತ್ತದೆ? ಶೆಟ್ರೇ, ನಿಮ್ಮ ತಲೆ ಮೇಲೆ, ನನ್ನ ತಲೆ ಮೇಲೆ.

ಮಾಟುಂಗಾ ಖಾತೆಪುಸ್ತಕ · ಭಾನುವಾರ, ಬೆಳಿಗ್ಗೆ 8.05

ದೊಡ್ಡಮ್ಮ, ನಮಸ್ಕಾರ. ನಾನು ಸಣ್ಣ ಟ್ಯಾಕ್ಸ್ ಆಫೀಸು ನಡೆಸುವವನು. ವಾದ್ಯದವರು, ನಾಟಕದವರು, ಡಬ್ಬಿಂಗ್ ಮಾಡುವವರು ನನ್ನ ಹತ್ತಿರ ಬರುತ್ತಾರೆ. ಮೊದಲು ಲೆಕ್ಕ ಸರಿ ಮಾಡೋಣ.

39 ಪರ್ಸೆಂಟ್ ಅನ್ನುವುದು ಹೊಸ ಪದ್ಧತಿಯಲ್ಲಿ ಎರಡು ಕೋಟಿ ದಾಟಿದವರಿಗೆ. 30 ಪರ್ಸೆಂಟ್ ತೆರಿಗೆ, ಆ ತೆರಿಗೆಯ ಮೊತ್ತದ ಮೇಲೆ 25 ಪರ್ಸೆಂಟ್ ಸರ್‌ಚಾರ್ಜ್, ಎರಡೂ ಸೇರಿದ ಮೊತ್ತದ ಮೇಲೆ 4 ಪರ್ಸೆಂಟ್ ಸೆಸ್. ನಿಮ್ಮ ಹುಡುಗನಿಗೆ ಸರ್‌ಚಾರ್ಜ್ 15. ಅಂದರೆ ಮೇಲಿನ ಹಂತದಲ್ಲಿ 35.88. ಅದೂ ಮೇಲಿನ ಹಂತದ ದುಡ್ಡಿಗೆ ಮಾತ್ರ, ಖರ್ಚು ಕಳೆದ ಮೇಲೆ. ಸ್ಟುಡಿಯೋ ಬಾಡಿಗೆ, ಮೈಕು, ಸಾಫ್ಟ್‌ವೇರು, ವಾದ್ಯದವರಿಗೆ ಕೊಟ್ಟದ್ದು ಎಲ್ಲ ಕಳೆಯಬಹುದು.

ಇನ್ನು ದುಬೈ. ಅಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ನಿಜ. ಆದರೆ 2018ರಿಂದ 5 ಪರ್ಸೆಂಟ್ ವ್ಯಾಟ್ ಇದೆ. 2023ರ ಜೂನ್‌ನಿಂದ ವ್ಯಾಪಾರದ ಲಾಭಕ್ಕೆ 9 ಪರ್ಸೆಂಟ್ ತೆರಿಗೆಯೂ ಬಂದಿದೆ. ಒಬ್ಬನೇ ಕೂತು ಸ್ವಂತ ಕೆಲಸ ಮಾಡುವವನ ವಹಿವಾಟು ವರ್ಷಕ್ಕೆ 10 ಲಕ್ಷ ದಿರ್ಹಾಮ್ ದಾಟಿದರೆ ಅವನೂ ಅದರೊಳಗೆ ಬರುತ್ತಾನೆ.

ಮುಖ್ಯ ವಿಷಯ ಬೇರೆ. ನಮ್ಮ ದೇಶದಲ್ಲಿ ಹುಟ್ಟಿದ ಆದಾಯಕ್ಕೆ ನಮ್ಮ ದೇಶ ತೆರಿಗೆ ಹಾಕಿಯೇ ಹಾಕುತ್ತದೆ. ನೀವು ಎಲ್ಲಿ ಮಲಗಿದರೂ ಸರಿ. ಮುಂಬಯಿಯಲ್ಲಿ ರೆಕಾರ್ಡಿಂಗ್ ಮಾಡಿ, ಮುಂಬಯಿ ಕಂಪನಿಯಿಂದ ದುಡ್ಡು ತಗೊಂಡು, ಮನೆ ಮಾತ್ರ ದುಬೈಯಲ್ಲಿ ಅಂದರೆ ಆ ದುಡ್ಡು ಇಲ್ಲಿನದೇ. ರಾಯಲ್ಟಿಗೆ ಎರಡು ದೇಶಗಳ ತೆರಿಗೆ ಒಪ್ಪಂದದ ದರ ಕಡಿಮೆ ಆಗಬಹುದು, ಅಷ್ಟೇ. ನಿಜವಾಗಿ ಉಳಿಯುವುದು ಹೊರದೇಶದ ಗಿರಾಕಿ ಕೊಟ್ಟ ದುಡ್ಡಿನಲ್ಲಿ.

ಆಮೇಲೆ ದಿನದ ಲೆಕ್ಕ. ವರ್ಷಕ್ಕೆ 182 ದಿನ ಇಲ್ಲಿದ್ದರೆ ಇಲ್ಲಿಯ ನಿವಾಸಿ ಅನ್ನುವುದು ಎಲ್ಲರಿಗೂ ಗೊತ್ತು. 2020ರಲ್ಲಿ ಇದನ್ನು ಬಿಗಿ ಮಾಡಿದರು. ಇಲ್ಲಿ 15 ಲಕ್ಷಕ್ಕಿಂತ ಜಾಸ್ತಿ ಆದಾಯ ಇರುವ ಭಾರತೀಯ ಪ್ರಜೆ ಹೊರಗಿನಿಂದ ಬಂದು ಹೋಗುತ್ತಿದ್ದರೆ, ಹಿಂದಿನ ನಾಲ್ಕು ವರ್ಷದಲ್ಲಿ 365 ದಿನ ಇಲ್ಲಿ ಕಳೆದಿದ್ದರೆ, 120 ದಿನಕ್ಕೇ ನಿವಾಸಿ ಆಗುತ್ತಾನೆ. ಇನ್ನೊಂದು ನಿಯಮ ಇನ್ನೂ ಬಿಗಿ. ಅದೇ 15 ಲಕ್ಷ ಮೀರಿದವನು ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದಿದ್ದರೆ, ಒಂದು ದಿನವೂ ಇಲ್ಲಿ ಇರದಿದ್ದರೂ ಅವನನ್ನು ಇಲ್ಲಿಯ ನಿವಾಸಿ ಅಂತಲೇ ಎಣಿಸುತ್ತಾರೆ. ಹೊರಗಿನ ಎಲ್ಲ ಆದಾಯಕ್ಕೂ ಕೈ ಹಾಕುವುದಿಲ್ಲ. ಆದರೆ ಇಲ್ಲಿಂದ ನಡೆಸುವ ವ್ಯವಹಾರದ್ದಕ್ಕೆ ಹಾಕುತ್ತಾರೆ. ಈ ನಿಯಮ ಬಂದದ್ದೇ ಸೊನ್ನೆ ತೆರಿಗೆಯ ಊರುಗಳಿಗೆ ಹೋದವರನ್ನು ನೋಡಿ.

ಕೊತ್ರೂಡ್ ತಂಬೂರಿ · ಭಾನುವಾರ, ಬೆಳಿಗ್ಗೆ 10.30

ಅಕ್ಕಾರೆ, ದೊಡ್ಡ ಕಲಾವಿದರೆಲ್ಲ ಇದನ್ನೇ ಮಾಡಿದ್ದಾರೆ ಅಂದನಲ್ಲ ನಿಮ್ಮ ಹುಡುಗ, ಆ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿತು. ನಾನು ಧಾರವಾಡದವನು, ಪುಣೆಗೆ ಬಂದು 40 ವರ್ಷ. ಹಾಡು ಕೇಳುವುದು, ಒಳ್ಳೆಯ ಸಿನಿಮಾ ನೋಡುವುದು, ಇವೆರಡೇ ನನ್ನ ಚಟ. ಲಾ ಕಾಲೇಜ್ ರಸ್ತೆಯ ಫಿಲ್ಮ್ ಆರ್ಕೈವ್‌ನಲ್ಲಿ ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಅವರ ಸಿನಿಮಾ ನೋಡಿ ಮೂಕನಾಗಿ ಮನೆಗೆ ನಡೆದು ಬಂದ ದಿನಗಳಿವೆ. ಅವರ ಕತೆ ಕೇಳಿ.

1976ರ ಜನವರಿ 30. ಸ್ಟಾಕ್‌ಹೋಮಿನ ರಾಯಲ್ ಡ್ರಮ್ಯಾಟಿಕ್ ಥಿಯೇಟರಿನಲ್ಲಿ ಬರ್ಗ್‌ಮನ್ ನಾಟಕದ ತಾಲೀಮು ಮಾಡಿಸುತ್ತಿದ್ದರು. ಸಾದಾ ಬಟ್ಟೆಯ ಪೊಲೀಸರು ಒಳಗೆ ಬಂದು, ತೆರಿಗೆ ವಂಚನೆ ಅಂತ ಕರೆದುಕೊಂಡು ಹೋದರು. ನಟರು ನೋಡುತ್ತಾ ನಿಂತಿದ್ದಾಗಲೇ. ಆ ಮನುಷ್ಯ ಕುಸಿದುಹೋದರು. ಮನಸ್ಸಿನ ಕಾಯಿಲೆಗೆ ಆಸ್ಪತ್ರೆ ಸೇರಿದರು. ಮಾರ್ಚಿನಲ್ಲಿ ಆರೋಪ ಕೈಬಿಟ್ಟರು. ಆದರೆ ಏಪ್ರಿಲ್‌ನಲ್ಲಿ ಅವರು ಸ್ವೀಡನ್ ಬಿಟ್ಟು ಮ್ಯೂನಿಕ್‌ಗೆ ಹೋಗಿ ನೆಲೆಸಿದರು. ಇದನ್ನು ತೆರಿಗೆಗೆ ಹೆದರಿ ಓಡಿದ್ದು ಅನ್ನಬೇಡಿ. ಮರ್ಯಾದೆ ಹೋದ ನೋವು ಅದು. ಎಷ್ಟೋ ವರ್ಷ ಪರಭಾಷೆಯ ಊರಿನಲ್ಲಿ ನಾಟಕ ಮಾಡಿಸಿದರು. ಕೊನೆಗೆ 2007ರಲ್ಲಿ ತೀರಿಕೊಂಡದ್ದು ತಮ್ಮ ಫೋರೋ ದ್ವೀಪದ ಮನೆಯಲ್ಲೇ.

ಅದೇ ವರ್ಷ, ಅದೇ ದೇಶದಲ್ಲಿ ಇನ್ನೊಬ್ಬರು. ಮಕ್ಕಳ ಕತೆಗಾರ್ತಿ ಆಸ್ಟ್ರಿಡ್ ಲಿಂಡ್‌ಗ್ರೆನ್. ವಯಸ್ಸು 68. ಸ್ವಂತ ದುಡಿಮೆಯವರು ಆದಾಯ ತೆರಿಗೆಯ ಜೊತೆ, ಪಿಂಚಣಿ ಮುಂತಾದವಕ್ಕೆ ಮಾಲೀಕ ಕಟ್ಟುವ ಪಾಲಿನ ವಂತಿಗೆಯನ್ನೂ ತಾವೇ ಕಟ್ಟಬೇಕಿತ್ತು. ಎರಡೂ ಸೇರಿ ಅವರ ಮೇಲಿನ ಹಂತದ ಗಳಿಕೆಗೆ 102 ಪರ್ಸೆಂಟ್ ಬಿತ್ತು. ನೂರು ರೂಪಾಯಿ ಗಳಿಸಿದರೆ ನೂರ ಎರಡು ಕಟ್ಟುವುದು! ಆ ಅಜ್ಜಿ ಊರು ಬಿಡಲಿಲ್ಲ. ಮಾರ್ಚಿನಲ್ಲಿ ಪತ್ರಿಕೆಗೆ ಒಂದು ಕತೆ ಬರೆದರು, ತೆರಿಗೆ ಕಟ್ಟಿ ಕಟ್ಟಿ ಬರಿಗೈಯಾದ ಒಬ್ಬ ಕತೆಗಾರ್ತಿಯ ಕತೆ. ಹಣಕಾಸು ಮಂತ್ರಿ ಗುನ್ನಾರ್ ಸ್ಟ್ರೆಂಗ್ ಇವರಿಗೆ ತೆರಿಗೆ ವಿಷಯ ಗೊತ್ತಿಲ್ಲ ಅಂದರು. ಮಂತ್ರಿಗೆ ಕತೆ ಹೇಳಲು ಬರುತ್ತದೆ, ಲೆಕ್ಕ ಬರುವುದಿಲ್ಲ, ನಾವಿಬ್ಬರೂ ಕೆಲಸ ಅದಲುಬದಲು ಮಾಡಿಕೊಂಡರೆ ಒಳ್ಳೆಯದು ಅಂತ ಈಕೆ ತಿರುಗಿ ಹೇಳಿದರು. ದೇಶವೆಲ್ಲ ಅದೇ ಮಾತು. ಸೆಪ್ಟೆಂಬರ್ ಚುನಾವಣೆಯಲ್ಲಿ ನಾಲ್ಕು ದಶಕದಿಂದ ಆಳುತ್ತಿದ್ದ ಪಕ್ಷ ಸೋತಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಆಕೆ ಹಾಕಿದ ಏಟನ್ನು ಯಾರೂ ಮರೆತಿಲ್ಲ.

ನನಗೆ ಆ ಅಜ್ಜಿಯ ಮೇಲೆ ಬಹಳ ಗೌರವ. ತೆರಿಗೆ ತಪ್ಪಾಗಿದ್ದರೆ ತಪ್ಪು ಅಂತ ಊರೊಳಗೆ ನಿಂತು ಕೂಗಿ ಹೇಳಿದರು. ದುಡ್ಡು ತುಂಬಿಕೊಂಡು ಸ್ವಿಟ್ಜರ್‌ಲ್ಯಾಂಡ್ ರೈಲು ಹತ್ತಲಿಲ್ಲ.

ಫಿಲ್ಮ್‌ಸಿಟಿ ಗೇಟ್ · ಭಾನುವಾರ, ಮಧ್ಯಾಹ್ನ 1.20

102 ಕೇಳಿ ಆಶ್ಚರ್ಯ ಪಡಬೇಡಿ. ನಮ್ಮಲ್ಲೂ 1973-74ರಲ್ಲಿ ಮೇಲಿನ ಹಂತಕ್ಕೆ 97.75 ಪರ್ಸೆಂಟ್ ಇತ್ತು. ನೂರರಲ್ಲಿ ಕೈಗೆ ಎರಡೂಕಾಲು ರೂಪಾಯಿ. ಆಮೇಲೆ ಇಳಿಸುತ್ತಾ ಬಂದು 1997ರಲ್ಲಿ 30ಕ್ಕೆ ತಂದರು.

ಹಾಗಿದ್ದರೂ ಆಗ ನಮ್ಮ ಸಿನಿಮಾದವರು ಲಂಡನ್ನಿಗೋ ದುಬೈಗೋ ಯಾಕೆ ಹೋಗಿ ನೆಲೆಸಲಿಲ್ಲ? ಹೋಗಲು ಆಗುತ್ತಿರಲಿಲ್ಲ. 1973ರ ಫೆರಾ ಕಾನೂನಿನಲ್ಲಿ ಅನುಮತಿ ಇಲ್ಲದೆ ವಿದೇಶಿ ಹಣ ಮುಟ್ಟಿದರೆ ಜೈಲು. ಅದಕ್ಕೆ ದುಡ್ಡು ದೇಶ ಬಿಡಲಿಲ್ಲ, ಇಲ್ಲೇ ಕತ್ತಲಲ್ಲಿ ಕೂತಿತು. ಬಾಂಬೆಯಲ್ಲಿ ಯಾವ ವ್ಯವಹಾರಕ್ಕೆ ಕೂತರೂ ಮೊದಲ ಪ್ರಶ್ನೆ, ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು.

ನಾನು 1986ರಲ್ಲಿ ಸೌಂಡ್ ಅಸಿಸ್ಟೆಂಟ್ ಆಗಿ ಸೇರಿದವನು. ಉದ್ದ ಕೋಲಿನ ಬೂಮ್ ಮೈಕು ಹಿಡಿದು ಹಿಡಿದು ಭುಜ ಹೋಯಿತು. ಹೀರೋ ಬ್ಲ್ಯಾಕ್‌ನಲ್ಲಿ ತಗೊಂಡರೆ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ. ಕತ್ತಲ ದುಡ್ಡಿನಲ್ಲಿ ತೆಗೆದ ಸಿನಿಮಾದಲ್ಲಿ ನಮಗೂ ಕವರ್‌ನಲ್ಲೇ ಕೂಲಿ. ಸಹಿ ಇಲ್ಲ, ರಸೀದಿ ಇಲ್ಲ. 1994ರಲ್ಲಿ ಮಲಾಡಿನಲ್ಲಿ ಒಂದು ರೂಮು ಕಿಚನ್ ನೋಡಿದೆ. ಬ್ಯಾಂಕಿಗೆ ಹೋದರೆ ಆದಾಯದ ಪುರಾವೆ ಕೇಳಿದರು. ಎಂಟು ವರ್ಷ ಹಗಲು ರಾತ್ರಿ ದುಡಿದವನ ಹತ್ತಿರ ಒಂದು ಕಾಗದವೂ ಇರಲಿಲ್ಲ. ಆ ಮನೆ ಕೈ ತಪ್ಪಿತು. ಅದೇ ಬಿಲ್ಡಿಂಗಿನ ಮುಂದೆ ಇವತ್ತೂ ಬಸ್ಸಿನಲ್ಲಿ ಹೋಗುವಾಗ ನಾನು ಆ ಮೂರನೇ ಮಹಡಿಯ ಕಿಟಕಿ ನೋಡುತ್ತೇನೆ.

ಸಿನಿಮಾಕ್ಕೆ ಉದ್ಯಮದ ಸ್ಥಾನ ಕೊಡುವ ಘೋಷಣೆ ಆದದ್ದು 1998ರಲ್ಲಿ. ಆಮೇಲೆ ಬ್ಯಾಂಕ್ ಸಾಲ ಬಂತು, ಕಂಪನಿಗಳು ಬಂದವು, ಚೆಕ್ ಬಂತು. ಹಾಗಾಗಿ ದರ ವಿಪರೀತ ಆದರೆ ಏನಾಗುತ್ತದೆ ಅಂತ ನನಗೆ ಗೊತ್ತು. ತೆರಿಗೆ ತಪ್ಪಿಸಿದರೆ ಏನಾಗುತ್ತದೆ ಅಂತಲೂ ಗೊತ್ತು. ದೊಡ್ಡವರು ತಪ್ಪಿಸಿದಾಗ ಅವರ ಹೆಸರು ಕೆಡುವುದಿಲ್ಲ. ಕೆಳಗಿನವನ ಕಾಗದ ಇಲ್ಲವಾಗುತ್ತದೆ.

ಠಾಣೆ ಶೆಟ್ರು · ಭಾನುವಾರ, ಮಧ್ಯಾಹ್ನ 3.00

ಫಿಲ್ಮ್‌ಸಿಟಿಯವರೇ, ನಿಮ್ಮ ಮನೆಯ ಕತೆ ಓದಿ ಕಣ್ಣು ತುಂಬಿತು. ಆದರೆ ಕದ್ದವನೂ ಕಾನೂನು ಪ್ರಕಾರ ಮನೆ ಬದಲಾಯಿಸಿದವನೂ ಒಂದೇ ಅಲ್ಲ. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು 1971ರಲ್ಲಿ ಫ್ರಾನ್ಸಿಗೆ ಹೋದದ್ದು ಹಳೆಯ ತೆರಿಗೆ ಬಾಕಿ ತೀರಿಸಲು ಬೇರೆ ದಾರಿ ಇಲ್ಲದೆ. ಆ ದರದಲ್ಲಿ ಎಷ್ಟು ಗಳಿಸಿದರೂ ಬಾಕಿ ತೀರುತ್ತಿರಲಿಲ್ಲ. ಸಮುದ್ರದ ದಂಡೆಯ ಬಾಡಿಗೆ ಬಂಗಲೆಯ ನೆಲಮಾಳಿಗೆಯಲ್ಲೇ ಹಾಡು ರೆಕಾರ್ಡ್ ಮಾಡಿದರು. 1974ರಿಂದಂತೂ ಇಂಗ್ಲೆಂಡಿನಲ್ಲಿ ದುಡಿಮೆಗೆ 83, ಬಡ್ಡಿ ಡಿವಿಡೆಂಡಿಗೆ 98 ಪರ್ಸೆಂಟ್. 1979ರಲ್ಲಿ ಪ್ರಧಾನಿಯಾಗಿ ಥ್ಯಾಚರ್ ಬಂದು ದುಡಿಮೆಯ 83ನ್ನು 60ಕ್ಕೆ ಇಳಿಸಿದರು. ಜನ ಹೋಗದೇ ಇದ್ದಿದ್ದರೆ ಸರ್ಕಾರಕ್ಕೆ ಬುದ್ಧಿ ಬರುತ್ತಿತ್ತಾ?

ಕೊತ್ರೂಡ್ ತಂಬೂರಿ · ಭಾನುವಾರ, ಸಂಜೆ 4.10

ಶೆಟ್ರೇ, 83ಕ್ಕೆ ಹೋದವರನ್ನು ನಾನು ಬೈಯುವುದಿಲ್ಲ. ನನ್ನ ಪ್ರಶ್ನೆ 35ಕ್ಕೆ ಹೋಗುವವರದ್ದು.

ಐರ್ಲೆಂಡ್ ನೋಡಿ. 1969ರಿಂದ ಅಲ್ಲಿ ಬರಹಗಾರರು, ಚಿತ್ರಕಾರರು, ಸಂಗೀತ ಕಟ್ಟುವವರು ತಮ್ಮ ಸ್ವಂತ ಕೃತಿಯಿಂದ ಗಳಿಸಿದ್ದಕ್ಕೆ ತೆರಿಗೆಯೇ ಇರಲಿಲ್ಲ. ಹಸಿದ ಕವಿ ಬದುಕಲಿ ಅಂತ ಮಾಡಿದ ಕಾನೂನು. ದೊಡ್ಡ ದೊಡ್ಡವರೂ ಅದರೊಳಗೆ ಕೋಟಿ ಉಳಿಸಿಕೊಂಡರು. ಆಮೇಲೆ ಸರ್ಕಾರ ವರ್ಷಕ್ಕೆ ಎರಡೂವರೆ ಲಕ್ಷ ಯೂರೋ ತನಕ ಮಾತ್ರ ಅಂತ ಮಿತಿ ಹಾಕಿತು. ಮಿತಿ ಹಾಕುತ್ತಾರೆ ಅಂತ ಗೊತ್ತಾದ ಕೂಡಲೇ, 2006ರಲ್ಲಿ, ಅಲ್ಲಿಯದೇ ಯು2 ಬ್ಯಾಂಡು ತನ್ನ ಹಾಡುಗಳ ಹಕ್ಕಿನ ವ್ಯವಹಾರವನ್ನು ನೆದರ್‌ಲ್ಯಾಂಡ್ಸ್‌ಗೆ ಸಾಗಿಸಿತು. ಅದರ ಹಾಡುಗಾರ ಬೋನೋ ಬಡ ದೇಶಗಳಿಗೆ ಸರ್ಕಾರಗಳು ದುಡ್ಡು ಕೊಡಬೇಕು ಅಂತ ಊರೂರು ಸುತ್ತುತ್ತಿದ್ದವರು. ಸರ್ಕಾರ ಕೊಡುವುದು ತೆರಿಗೆಯ ದುಡ್ಡೇ ತಾನೇ? ಕಾನೂನು ಮುರಿಯಲಿಲ್ಲ, ಒಪ್ಪುತ್ತೇನೆ. ಆದರೆ ಜನ ಮುಖಕ್ಕೇ ಕೇಳಿದರು. ಕೇಳಿದ್ದು ಸರಿ ಅಂತ ನಾನು ಹೇಳುತ್ತೇನೆ.

ನಮ್ಮ ಕಡೆ ಬನ್ನಿ. ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿ, ತಮ್ಮ ಗುರು ಕುಂದಗೋಳದ ಸವಾಯಿ ಗಂಧರ್ವರ ಹೆಸರಲ್ಲಿ 1953ರಲ್ಲಿ ಸಂಗೀತ ಉತ್ಸವ ಶುರು ಮಾಡಿದರು. ಪ್ರಪಂಚವೆಲ್ಲ ಹಾಡಿ ಬಂದರು. ಮನೆ ಮಾತ್ರ ಪುಣೆಯಲ್ಲೇ. ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ನೆಲದ ಮೇಲೆ ಕೂತು ಕೇಳುವ ಸಾವಿರಾರು ಜನ ಇಲ್ಲದೆ ಆ ಉತ್ಸವ ಇಲ್ಲ. ಕಿವಿ ತಯಾರು ಮಾಡಿದ ಊರು ಅಂತ ಒಂದು ಇರುತ್ತದೆ.

ಪಿಂಪ್ರಿ ಎರಡನೇ ಪಾಳಿ · ಭಾನುವಾರ, ಸಂಜೆ 4.45

ಇವತ್ತು ರಜೆ, ಹಾಗಾಗಿ ಇನ್ನೆರಡು ಸೇರಿಸುತ್ತೇನೆ. ಫ್ರಾನ್ಸಿನ ನಟ ಜೆರಾರ್ ದೆಪಾರ್ದಿಯು 2012ರಲ್ಲಿ ಗಡಿಗೆ ತಾಗಿಕೊಂಡ ಬೆಲ್ಜಿಯಂನ ನೆಷಾಂ ಅನ್ನುವ ಹಳ್ಳಿಯಲ್ಲಿ ಮನೆ ಮಾಡಿದರು. ಹತ್ತು ಲಕ್ಷ ಯೂರೋ ಮೇಲಿನ ಗಳಿಕೆಗೆ 75 ಪರ್ಸೆಂಟ್ ಹಾಕುತ್ತೇವೆ ಅಂತ ಫ್ರಾನ್ಸ್ ಸರ್ಕಾರ ಹೊರಟಿತ್ತು. ಪ್ರಧಾನಿ ಆ ನಡೆ ಕ್ಷುಲ್ಲಕ ಅಂದರು. ನಟ ಸಿಟ್ಟಿನಿಂದ ಬಹಿರಂಗ ಪತ್ರ ಬರೆದರು. 2013ರ ಜನವರಿಯಲ್ಲಿ ರಷ್ಯಾದ ಪಾಸ್‌ಪೋರ್ಟೂ ಸಿಕ್ಕಿತು, ಅಲ್ಲಿ ಆಗ ಎಲ್ಲರಿಗೂ 13 ಪರ್ಸೆಂಟ್. ಆ 75ರ ತೆರಿಗೆಯನ್ನು ಫ್ರಾನ್ಸಿನ ಸಂವಿಧಾನ ಮಂಡಳಿ 2012ರ ಡಿಸೆಂಬರಿನಲ್ಲೇ ತಳ್ಳಿಹಾಕಿತ್ತು. ಆಮೇಲೆ ಅದನ್ನು ಕಂಪನಿಗಳ ಮೇಲೆ ಹಾಕಿ, ಎರಡು ವರ್ಷ ನಡೆಸಿ, ಬಿಟ್ಟರು.

ಹಾಡುಗಾರ್ತಿ ಶಕೀರಾ ಅವರದ್ದು ಪೂರ್ತಿ ದಿನದ ಲೆಕ್ಕ. ಬಹಾಮಾಸ್‌ನಲ್ಲಿದ್ದೇನೆ ಅಂತ ಅವರು. ಇಲ್ಲ, 2012ರಿಂದ 2014ರ ತನಕ ವರ್ಷಕ್ಕೆ 183 ದಿನಕ್ಕಿಂತ ಜಾಸ್ತಿ ಬಾರ್ಸಿಲೋನಾದಲ್ಲಿದ್ದಿರಿ ಅಂತ ಸ್ಪೇನ್. ಕೇಸು 2023ರ ನವೆಂಬರಿನಲ್ಲಿ ರಾಜಿಯಾಯಿತು, ದಂಡ 70 ಲಕ್ಷ ಯೂರೋಗೂ ಮೇಲೆ. ದೊಡ್ಡಮ್ಮ, ನಿಮ್ಮ ಹುಡುಗನಿಗೆ ಇದನ್ನು ಓದಿ ಹೇಳಿ. ಯಾವ ದಿನ ಎಲ್ಲಿದ್ದೆ ಅಂತ ಆಯುಷ್ಯವಿಡೀ ಕ್ಯಾಲೆಂಡರ್ ನೋಡಿಕೊಂಡು ಬದುಕಬೇಕಾಗುತ್ತದೆ. ಅಮ್ಮನಿಗೆ ಹುಷಾರಿಲ್ಲ ಅಂದರೂ ಇನ್ನೆಷ್ಟು ದಿನ ಉಳಿದಿದೆ ಅಂತ ಎಣಿಸಬೇಕು.

ವಾಸ್ಕೊ ಬಂದರು · ಭಾನುವಾರ, ಸಂಜೆ 6.30

ಗೋವಾದಿಂದ ಒಂದು ಮಾತು. ಮುಂಬಯಿಯ ಸಿನಿಮಾದವರು, ಬರಹಗಾರರು ಇಲ್ಲಿ ಮನೆ ಮಾಡುವುದು ಜಾಸ್ತಿಯಾಗಿದೆ. ಗೋವಾದಲ್ಲಿ ಗಂಡ ಹೆಂಡತಿ ಆದಾಯ ಅರ್ಧ ಅರ್ಧ ಮಾಡಿ ತೆರಿಗೆ ಇಳಿಸಬಹುದಂತೆ ಅಂತ ನನ್ನನ್ನು ಮೂರು ಜನ ಕೇಳಿದ್ದಾರೆ. ಆ ನಿಯಮ ನಿಜ. ಇಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಇನ್ನೂ ಇದೆ. ಮದುವೆಯಾದ ಮೇಲೆ ಆಸ್ತಿ ಇಬ್ಬರದ್ದು. ಹಾಗಾಗಿ ಸಂಬಳ ಬಿಟ್ಟು ಉಳಿದ ಆದಾಯವನ್ನು ಸಮವಾಗಿ ಹಂಚಿ ಇಬ್ಬರೂ ಕಟ್ಟುತ್ತಾರೆ. ಆದರೆ ಅದು ಆ ಕೋಡಿಗೆ ಒಳಪಟ್ಟ ಗೋವಾದವರಿಗೆ. ಬಂದು ಬಂಗಲೆ ಕೊಂಡವರಿಗೆ ಅಲ್ಲ. ಹೊಟ್ಟೆಪಾಡಿಗೆ ಬಂದು ವಾಸ್ಕೊದಲ್ಲಿ ನೆಲೆಸಿದ ನಮ್ಮಂಥ ಕನ್ನಡದವರಿಗೂ ಅಲ್ಲ.

ಹೊರದೇಶಕ್ಕೆ ಹೋದ ಕಲಾವಿದರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಇಲ್ಲಿಯ ಸಾಲಿಗಾಂವ್‌ನಲ್ಲಿ ಹುಟ್ಟಿದ ಚಿತ್ರಕಾರ ಎಫ್. ಎನ್. ಸೋಜಾ 1949ರಲ್ಲಿ ಲಂಡನ್ನಿಗೆ ಹೋದಾಗ ತೆರಿಗೆ ಕಟ್ಟುವಷ್ಟು ದುಡ್ಡೇ ಇರಲಿಲ್ಲ. ಮುಂಬಯಿಯ ಬೀದಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಮೇಲೆ ಬಂದ ಎಂ. ಎಫ್. ಹುಸೇನ್ 2006ರಲ್ಲಿ ದೇಶ ಬಿಟ್ಟರು, 2010ರಲ್ಲಿ ಕತಾರ್ ಪ್ರಜೆಯಾದರು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅವರನ್ನು ಅಟ್ಟಿದ್ದು ಕೇಸುಗಳು, ಬೆದರಿಕೆಗಳು. ಅಂಥವರು ಹೋಗುವಾಗ ಮನಸ್ಸಿಗೆ ಆಗುವ ಸಂಕಟವೇ ಬೇರೆ. ಇಲ್ಲಿಯ ತಿಯಾತ್ರ್ ನಾಟಕದವರು ಗಲ್ಫಿಗೆ ಹೋಗಿ ಶೋ ಕೊಟ್ಟು ವಾಪಸ್ ಬರುತ್ತಾರೆ. ಅವರ ಮಾತು, ಅವರ ನಗು ಮಡಗಾಂವ್‌ನಲ್ಲೇ ಹುಟ್ಟುವುದು.

ಮಾಟುಂಗಾ ಖಾತೆಪುಸ್ತಕ · ಭಾನುವಾರ, ರಾತ್ರಿ 8.40

ಇಡೀ ದಿನ ಕೋಟಿ, ಯೂರೋ ಅಂತ ಓದಿದೆ. ನನ್ನ ಟೇಬಲ್ ಮುಂದೆ ಕೂರುವ ಒಬ್ಬರ ವಿಷಯ ಹೇಳಿಬಿಡುತ್ತೇನೆ.

ಯಕ್ಷಗಾನದ ಮದ್ದಳೆಗಾರರು. ಹಗಲು ಕ್ಯಾಂಟೀನಿನಲ್ಲಿ ಕೆಲಸ, ಶನಿವಾರ ಭಾನುವಾರ ಆಟ. ಬೆರಳಿನ ತುದಿ ಕಲ್ಲಿನ ಹಾಗೆ. ಆಧಾರ್ ಯಂತ್ರದ ಮೇಲೆ ಬೆರಳು ಇಟ್ಟರೆ ಗೆರೆ ಹಿಡಿಯುವುದಿಲ್ಲ, ಐದು ಸಲ ಒರೆಸಿ ಒತ್ತಬೇಕು. ಒಂದು ಕಡೆ ವರ್ಷವಿಡೀ ಬಾರಿಸಿದ್ದಕ್ಕೆ 60,000 ಆಗಿತ್ತು. ಟಿಡಿಎಸ್, ಅಂದರೆ ಮೊದಲೇ ಕಡಿಯುವ ತೆರಿಗೆ, ಅಂತ 6,000 ಹಿಡಿದುಕೊಂಡು ಕೊಟ್ಟರು. ವೋಚರ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ತಂದಿದ್ದರು. ಅವರ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ, ಪೂರ್ತಿ ವಾಪಸ್ ಬರಬೇಕು. ಅವರ ಹೆಸರಲ್ಲಿ ಕಟ್ಟಿದ ತೆರಿಗೆ ಕಾಣುವ 26ಎಎಸ್ ಪಟ್ಟಿ ತೆಗೆದು ನೋಡಿದೆ. ಖಾಲಿ. ಹಿಡಿದುಕೊಂಡವರು ಸರ್ಕಾರಕ್ಕೆ ಕಟ್ಟಿರಲಿಲ್ಲ. ಮೂರು ಸಲ ಹೋಗಿ ಕೇಳಿದರು. ನಾಲ್ಕನೇ ಸಲ ನಾನೇ ಜೊತೆಗೆ ಹೋದೆ. ಕಟ್ಟಲು ಏಳು ತಿಂಗಳು ಹಿಡಿಯಿತು.

ಸರ್ಕಾರ ಕಲಾವಿದರಿಗೆ ಏನೂ ಮಾಡಿಲ್ಲ ಅಂತಲ್ಲ. ಜಾನಪದ, ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕದ ಕಾರ್ಯಕ್ರಮಕ್ಕೆ ಒಂದೂವರೆ ಲಕ್ಷದ ತನಕ ಸಂಭಾವನೆ ಇದ್ದರೆ ಜಿಎಸ್‌ಟಿ ಇಲ್ಲ. ಹಿಂದೆ, ಕಲಾವಿದರು ಹೊರದೇಶದಲ್ಲಿ ಗಳಿಸಿ ಮನೆಗೆ ತಂದ ವಿದೇಶಿ ಹಣಕ್ಕೆ ರಿಯಾಯಿತಿ ಇತ್ತು. ಸಚಿನ್ ತೆಂಡೂಲ್ಕರ್ ಜಾಹೀರಾತಿನಲ್ಲಿ ನಟಿಸಿ ಗಳಿಸಿದ್ದಕ್ಕೂ ಅದು ಸಲ್ಲುತ್ತದೆ ಅಂತ ಮುಂಬಯಿಯ ಆದಾಯ ತೆರಿಗೆ ಟ್ರಿಬ್ಯೂನಲ್ 2011ರಲ್ಲಿ ಹೇಳಿತು. ಹೋಗಿ ಗಳಿಸಿ, ತಂದು ಇಲ್ಲಿಡಿ ಅನ್ನುವ ಆ ಕಾನೂನು ನನಗೆ ಇಷ್ಟವಿತ್ತು. ಅದನ್ನು ಹಂತ ಹಂತವಾಗಿ ತೆಗೆದುಹಾಕಿದರು. ಮತ್ತೆ ತರಬೇಕು ಅಂತ ಯಾವ ದೊಡ್ಡ ಕಲಾವಿದರೂ ಬಾಯಿ ಬಿಟ್ಟು ಕೇಳಿದ್ದು ನಾನು ಕಾಣೆ. ಹೊರಟುಹೋಗುವುದು ಅವರಿಗೆ ಸುಲಭ. ಮದ್ದಳೆಯವರ ಪರವಾಗಿ ಮಾತಾಡಿದರೆ ಸರ್ಕಾರ ಕೇಳುವುದು ಇವರ ಮಾತನ್ನೇ.

ಠಾಣೆ ಶೆಟ್ರು · ಭಾನುವಾರ, ರಾತ್ರಿ 9.05

ಆ ಮದ್ದಳೆಯವರನ್ನು ನಮ್ಮ ಹೋಟೆಲಿಗೆ ಕಳಿಸಿ, ಅಕ್ಟೋಬರಿನಲ್ಲಿ ಆಟ ಆಡಿಸುತ್ತಿದ್ದೇವೆ. ದುಡ್ಡು ಅದೇ ರಾತ್ರಿ ಕೊಡುತ್ತೇನೆ. ಹೋಗುವ ಹಕ್ಕು ಹುಡುಗನದು ಅನ್ನುವ ನನ್ನ ಮಾತು ಮಾತ್ರ ಬದಲಾಗುವುದಿಲ್ಲ. ಹಿಡಿದಿಟ್ಟುಕೊಂಡರೆ ಉಳಿಯುವುದಿಲ್ಲ. ಇರಬೇಕು ಅಂತ ಅವನಿಗೆ ಅನ್ನಿಸಬೇಕು.

ಡೊಂಬಿವಲಿ ದೊಡ್ಡಮ್ಮ · ಸೋಮವಾರ, ರಾತ್ರಿ 10.20

ಎಲ್ಲರಿಗೂ ಕೈ ಮುಗಿದು ವಂದನೆ. ನಿನ್ನೆ ರಾತ್ರಿಯೇ ಎಲ್ಲವನ್ನೂ ಅವನಿಗೆ ಕಳಿಸಿದೆ. ಇವತ್ತು ಫೋನ್ ಮಾಡಿದ.

39 ಅಲ್ಲ 35.88 ಅಂದಾಗ ಸುಮ್ಮನಾದ. ಇಲ್ಲಿನ ಗಿರಾಕಿಯ ದುಡ್ಡಿಗೆ ಇಲ್ಲೇ ತೆರಿಗೆ ಅನ್ನುವುದು ಅವನಿಗೆ ಯಾರೂ ಹೇಳಿರಲಿಲ್ಲವಂತೆ. ದುಬೈಯ ಏಜೆಂಟು ಒಬ್ಬ ಬರೀ ಸೊನ್ನೆಯನ್ನಷ್ಟೇ ತೋರಿಸಿದ್ದ. ಆದರೆ ಹೊಂಡದ ಪ್ರಶ್ನೆಗೆ ಉತ್ತರ ಎಲ್ಲಿ ದೊಡ್ಡಮ್ಮ ಅಂತ ಮತ್ತೆ ಕೇಳಿದ. ಈ ಸಲ ನಾನು ಹೇಳಿದೆ. ಮಗಾ, ಹೊಂಡ ನನಗೂ ಕಾಣುತ್ತದೆ. ನಾನು ಬರೆದರೆ ಆಫೀಸಿನ ಫೈಲಿಗೆ ಹೋಗುತ್ತದೆ. ನಿನ್ನ ಹಾಡು ಕೇಳುವವರು ಲಕ್ಷ ಜನ ಇದ್ದಾರೆ. ನೀನು ಕೇಳು, ಜೋರಾಗಿ ಕೇಳು, ನನ್ನ ತೆರಿಗೆ ಎಲ್ಲಿ ಅಂತ ಕೇಳು. ಕಟ್ಟುವವನು ಕೇಳಿದರೆ ಆ ಮಾತಿಗೆ ತೂಕ ಇರುತ್ತದೆ. ಬಿಟ್ಟು ಹೋದವನು ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ.

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ 102 ಪರ್ಸೆಂಟಿನ ಅಜ್ಜಿಯ ಹೆಸರು ಏನಂದಿರಿ ಅಂತ ಕೇಳಿದ. ಹೋಗುವುದಿಲ್ಲ ಅಂತ ಹೇಳಿಲ್ಲ. ಹೊರದೇಶದ ಎರಡು ಕೆಲಸ ಬರುವುದಿದೆಯಂತೆ, ಅದರ ಲೆಕ್ಕ ಕೂತು ನೋಡಬೇಕಂತೆ. ಮಾಟುಂಗಾದವರೇ, ಅವನನ್ನು ನಿಮ್ಮ ಹತ್ತಿರ ಕರೆದುಕೊಂಡು ಬರಲಾ? ಏನೇನು ತರಬೇಕು?

ಮಾಟುಂಗಾ ಖಾತೆಪುಸ್ತಕ · ಸೋಮವಾರ, ರಾತ್ರಿ 10.45

ಖಂಡಿತ ಬನ್ನಿ ದೊಡ್ಡಮ್ಮ. ಮೂರು ವರ್ಷದ ರಿಟರ್ನು, ಬ್ಯಾಂಕ್ ಸ್ಟೇಟ್‌ಮೆಂಟು, ಹೊರದೇಶದ ಕೆಲಸದ ಅಗ್ರಿಮೆಂಟು, ಪಾಸ್‌ಪೋರ್ಟಿನ ಎಲ್ಲ ಪುಟದ ಜೆರಾಕ್ಸ್ ತರಲಿ. ಖಾಲಿ ಪುಟವೂ ಬೇಕು. ವಾದ್ಯದವರಿಗೆ ಅವನು ಕೊಟ್ಟ ದುಡ್ಡಿನ ಪಟ್ಟಿಯೂ ಇರಲಿ. ಅವರ ಟಿಡಿಎಸ್ ಕಟ್ಟಿದ್ದಾನಾ ಅಂತ ಮೊದಲು ಅದನ್ನೇ ನೋಡೋಣ. ಬುಧವಾರ ನಾಲ್ಕು ಗಂಟೆ ಆಗುತ್ತದಾ?

ಡೊಂಬಿವಲಿ ದೊಡ್ಡಮ್ಮ · ಸೋಮವಾರ, ರಾತ್ರಿ 10.52

ಆಗುತ್ತದೆ. ಟಿಡಿಎಸ್ ವಿಷಯ ಈಗಲೇ ಕೇಳಿದೆ, ಎಲ್ಲರದ್ದೂ ಕಟ್ಟಿದ್ದೇನೆ ಅಂದ. ನೆಮ್ಮದಿಯಾಯಿತು. ಕಾರು ಕಳಿಸುತ್ತೇನೆ ಅಂದಿದ್ದ, ಬೇಡ ಅಂದೆ. ಅವನು ಅಂಧೇರಿಯಿಂದ ಲೋಕಲ್ ಹತ್ತುತ್ತಾನೆ, ನಾನು ಡೊಂಬಿವಲಿಯಿಂದ. ದಾದರಿನ ಸೇತುವೆ ಮೇಲೆ ಸಿಗುತ್ತೇವೆ.